ನೀರು ಬದಲಾಯಿಸಿದರೆ ಸಾಲದು: ಕೈಬಿಟ್ಟಿದ್ದ ಉಪ್ಪುನೀರಿನ ಟ್ಯಾಂಕನ್ನು ಮತ್ತೆ ನಡೆಸಿದ ಕಥೆ

ಅಣ್ಣ ಕೆಲಸದ ಮೇಲೆ ದೂರ ಹೋದಾಗ ಅವನ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಮನೆಯಲ್ಲೇ ಉಳಿಯಿತು. ಮೀನಿಗೆ ದಿನಾ ತಿಂಡಿ ಬೀಳುತ್ತಿತ್ತು, ಟೈಮರ್ ಪ್ರಕಾರ ದೀಪ ಹತ್ತಿ ಆರುತ್ತಿತ್ತು, ನೀರು ಇಳಿದರೆ ಅಪ್ಪ ತುಂಬಿಸುತ್ತಿದ್ದರು. ಅಷ್ಟು ಬಿಟ್ಟರೆ ಬಹಳ ಕಾಲ ಅದಕ್ಕೆ ಯಾರೂ ಕೈ ಹಾಕಿರಲಿಲ್ಲ. ಕೊನೆಗೆ ಅದು ನನ್ನ ಪಾಲಿಗೆ ಬಂತು. ಈಗ ಅದು ಸರಿಯಾಗಿ ನಡೆಯುತ್ತಿದೆ. ಇಂಥದ್ದೇ ಟ್ಯಾಂಕಿನ ಮುಂದೆ ನಿಂತು ಎಲ್ಲಿಂದ ಶುರು ಮಾಡಲಿ ಎಂದು ತಲೆ ಕೆರೆದುಕೊಳ್ಳುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಆಗಿನ ಸ್ಥಿತಿ ಹೀಗಿತ್ತು. ಮುಂದಿನ ಗಾಜು ಬಿಟ್ಟು ಉಳಿದೆಲ್ಲ ಕಡೆ ಕೂದಲಿನಂಥ ಹಸಿರು ಪಾಚಿ. ಕಲ್ಲುಗಳ ಮೇಲೆ ಕಂದು ಬಣ್ಣದ ಪುಟ್ಟ ಪುಟ್ಟ ಐಪ್ಟೇಸಿಯಾಗಳು, ಅಂದರೆ ಯಾರೂ ತರದಿದ್ದರೂ ಕಲ್ಲಿನ ಜೊತೆ ಬಂದು ವಂಶ ಬೆಳೆಸುವ ಸಮುದ್ರ ಹೂವುಗಳು. ಗಾಳಿಗುಳ್ಳೆಗಳ ನೊರೆಯಿಂದ ಕೊಳೆ ಎತ್ತುವ ಸ್ಕಿಮ್ಮರ್ ನಿಂತಿತ್ತು. ಪೈಪಿನ ಅಂಚುಗಳಲ್ಲೆಲ್ಲ ಬಿಳಿ ಉಪ್ಪು ಗಟ್ಟಿಯಾಗಿತ್ತು. ಬದುಕಿದ್ದವರು ಒಂದು ಕ್ಲೌನ್ ಮೀನು, ಒಂದೆರಡು ಹರ್ಮಿಟ್ ಏಡಿ, ಮತ್ತೆ ಲೆಕ್ಕವಿಲ್ಲದಷ್ಟು ಬ್ರಿಸಲ್ ಹುಳುಗಳು. ಹವಳಗಳೆಲ್ಲ ಬಿಳಿ ಅಸ್ಥಿಪಂಜರಗಳಾಗಿದ್ದವು.

ಇಂಥದ್ದನ್ನು ನೋಡಿದ ತಕ್ಷಣ ಯಾರಿಗಾದರೂ ಬಕೆಟ್ ಎತ್ತಿಕೊಂಡು ಅರ್ಧ ನೀರು ಚೆಲ್ಲಿ ಹೊಸ ನೀರು ಹಾಕೋಣ ಅನ್ನಿಸುತ್ತದೆ. ಅದೊಂದನ್ನು ಮಾತ್ರ ಮಾಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ಮೊದಲು ಕಾಗದಪತ್ರದ ವಿಷಯ.

ಟ್ಯಾಂಕಿನ ಸ್ಟ್ಯಾಂಡಿನೊಳಗೆ ಅಣ್ಣನ ನೋಟ್‌ಬುಕ್ ಸಿಕ್ಕಿತು. ಉಪ್ಪು, ಕೆಎಚ್ (ಪಿಎಚ್ ಕುಸಿಯದಂತೆ ಕಾಯುವ ಕಾರ್ಬೊನೇಟ್‌ಗಳ ಅಳತೆ), ನೈಟ್ರೇಟ್ ಎಲ್ಲ ತಾರೀಖು ಸಮೇತ ಬರೆದಿದ್ದ; ಒಂದು ಪುಟದ ನಡುವೆ ಬರಹ ನಿಂತುಹೋಗಿತ್ತು. ಹಿಂದೆ ತಿರುಗಿಸುತ್ತಾ ಹೋದಾಗ ‘ತಾಮ್ರದ ಔಷಧಿ’ ಅಂತ ಒಂದು ಸಾಲು. ಎದೆ ಧಸಕ್ಕೆಂದಿತು. ಮೀನಿಗೆ ಚುಕ್ಕೆ ರೋಗ ಬಂದಾಗ ತಾಮ್ರ ಹಾಕುವುದು ಹಳೆಯ ಚಿಕಿತ್ಸೆ. ಆದರೆ ಅದನ್ನು ಕಲ್ಲಿರುವ ಟ್ಯಾಂಕಿಗೇ ಹಾಕಿದ್ದರೆ ಕಲ್ಲು, ಮರಳು ಅದನ್ನು ಹೀರಿಟ್ಟುಕೊಳ್ಳುತ್ತವೆ. ಏಡಿ, ಸಿಗಡಿ, ಹವಳಗಳಿಗೆ ತಾಮ್ರ ವಿಷ. ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣ, ಆ ತಾಮ್ರದ ಔಷಧಿ ಯಾವುದಕ್ಕೆ ಹಾಕಿದ್ದೆ?”

“ಬೇರೆ ಟಬ್ಬಿನಲ್ಲಿ ಕಣೋ. ಅನ್ಸತ್ತೆ.”

ಆ ‘ಅನ್ಸತ್ತೆ’ ನಂಬಿಕೊಂಡು ಮುಂದೆ ಹೋಗುವ ಹಾಗಿರಲಿಲ್ಲ. ಹರ್ಮಿಟ್ ಏಡಿಗಳು ಬದುಕಿರುವುದೇ ಒಳ್ಳೆಯ ಸಾಕ್ಷಿ, ನೀರಿನಲ್ಲಿ ಚಿಕಿತ್ಸೆಯ ಮಟ್ಟದ ತಾಮ್ರ ಇದ್ದಿದ್ದರೆ ಅವು ಉಳಿಯುತ್ತಿರಲಿಲ್ಲ. ಆದರೂ ತಾಮ್ರದ ಟೆಸ್ಟ್ ಕಿಟ್ ತರಿಸಿದೆ. ಸೊನ್ನೆ ಬಂತು. ಹಳೆಯ ಟ್ಯಾಂಕ್ ಯಾರಿಂದಲಾದರೂ ತೆಗೆದುಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಗಾಜಿನ ವಯಸ್ಸು, ಪಂಪಿನ ಬಿಲ್ಲು ಎಲ್ಲ ಆಮೇಲೆ.

ಉಳಿದ ಟೆಸ್ಟುಗಳಿಗೂ ಹೊಸ ಕಿಟ್ ಬೇಕಾಯಿತು. ಸ್ಟ್ಯಾಂಡಿನೊಳಗಿದ್ದ ರಾಸಾಯನಿಕಗಳ ಅವಧಿ ಎಂದೋ ಮುಗಿದಿತ್ತು, ಅಂಥವು ತೋರಿಸುವ ಬಣ್ಣಕ್ಕೆ ಅರ್ಥವಿಲ್ಲ. ಖರ್ಚಿನ ಪಟ್ಟಿ ಶುರುವಾದದ್ದು ಇಲ್ಲಿಂದ. ಒಂದು ಮೀನನ್ನೂ ಕೊಳ್ಳದೆ ಇಷ್ಟೆಲ್ಲ ದುಡ್ಡು ಹೋಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ಫಲಿತಾಂಶ ನೋಡಿ. ಉಪ್ಪಿನ ಅಳತೆ, ಅಂದರೆ ಸಿಹಿನೀರನ್ನು 1 ಎಂದಿಟ್ಟುಕೊಂಡು ಹೇಳುವ ಸಾಂದ್ರತೆ, 1.033. ಸಮುದ್ರದ ನೀರು 1.026ರ ಆಸುಪಾಸು, ಅಂದರೆ ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು. ನಮ್ಮದು 43 ದಾಟಿತ್ತು. ಇಷ್ಟು ಹೇಗೆ ಏರಿತು ಎಂದು ತಿಳಿಯದೆ ಅಪ್ಪನನ್ನು ಕೇಳಿದೆ. “ನೀರು ಕಮ್ಮಿಯಾದಾಗ ಒಂದೊಂದು ಸಲ ಚೂರು ಉಪ್ಪು ಕಲಸಿ ಹಾಕ್ತಿದ್ದೆನಪ್ಪ, ಸಮುದ್ರದ ಮೀನಲ್ವಾ” ಅಂದರು. ಅವರು ಪ್ರೀತಿಯಿಂದಲೇ ಮಾಡಿದ್ದು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದ ಮಟ್ಟಕ್ಕೆ ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ಟ್ಯಾಂಕನ್ನು ಬೇರೆಯವರಿಗೆ ಒಪ್ಪಿಸಿ ಹೋಗುವವರು ಇದೊಂದು ವಾಕ್ಯವನ್ನು ದಪ್ಪಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿ ಹೋಗಬೇಕು.

ಪಿಎಚ್ 7.7, ಕೆಎಚ್ 5ರ ಹತ್ತಿರ. ಸಮುದ್ರದಲ್ಲಿ ಪಿಎಚ್ 8.1ರ ಸುತ್ತ, ಕೆಎಚ್ 7ರ ಸುತ್ತ ಇರುತ್ತದೆ. ಮೀನಿನ ಕೊಳೆಯನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದು ಕೆಎಚ್ ತಿನ್ನುತ್ತಾ ಹೋಗುತ್ತದೆ. ನೀರು ಬದಲಾಯಿಸದಿದ್ದರೆ ತುಂಬಿಕೊಡುವವರಿಲ್ಲ. ನೈಟ್ರೇಟ್ ಚಾರ್ಟಿನ ಕಡುಗೆಂಪನ್ನೂ ಮೀರಿತ್ತು. ಇಂಥ ಕಡೆ ಒಂದು ಪಾಲು ಟ್ಯಾಂಕಿನ ನೀರಿಗೆ ಒಂಬತ್ತು ಪಾಲು ಆರ್‌ಒ ನೀರು ಬೆರೆಸಿ ಟೆಸ್ಟ್ ಮಾಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಬೇಕು. ಅಮೋನಿಯಾವೂ ಸ್ವಲ್ಪ ಇತ್ತು.

ಈಗ ಅವಸರದ ನೀರು ಬದಲಾವಣೆ ಏಕೆ ಬೇಡ ಎಂಬ ಮಾತಿಗೆ ಬರುತ್ತೇನೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಪಿಎಚ್ ತಗ್ಗಿದ್ದಾಗ ಹೆಚ್ಚಿನದು ಅಮೋನಿಯಂ, ಅದರಿಂದ ಅಷ್ಟು ಅಪಾಯವಿಲ್ಲ. ಪಿಎಚ್ ಏರಿದಂತೆ ವಿಷರೂಪದ ಪಾಲು ಹೆಚ್ಚುತ್ತದೆ. 7.7ರಿಂದ 8.2ಕ್ಕೆ ಏರಿದರೆ ಅದೇ ನೀರಿನಲ್ಲಿ ವಿಷದ ಪಾಲು ಸುಮಾರು ಮೂರು ಪಟ್ಟಾಗುತ್ತದೆ. ಹೊಸ ಉಪ್ಪುನೀರಿನ ಪಿಎಚ್ 8.2ರ ಸುತ್ತ. ಒಮ್ಮೆಗೇ ಸುರಿದರೆ, ಕೊಳಕಿನಲ್ಲಿ ವರ್ಷಗಟ್ಟಲೆ ಬದುಕಿದ್ದ ಮೀನು ಶುದ್ಧ ನೀರಿನಲ್ಲಿ ಸಾಯಬಹುದು. ಜೊತೆಗೆ ಉಪ್ಪಿನ ಮಟ್ಟ ಏಕಾಏಕಿ ಇಳಿದ ಆಘಾತ ಬೇರೆ.

ಇದ್ದಲ್ಲೇ ನಿಧಾನವಾಗಿ ಸರಿಪಡಿಸುವುದೋ, ಎಲ್ಲ ಬಿಚ್ಚಿ ಹೊಸದಾಗಿ ಕಟ್ಟುವುದೋ? ನಾನು ಬಿಚ್ಚುವ ನಿರ್ಧಾರಕ್ಕೆ ಬಂದೆ. ಒಂದು ಮೂಲೆಯ ಸಿಲಿಕೋನ್ ಅಂಚು ಎದ್ದಿತ್ತು ಎನ್ನುವುದು ಒಂದು ಕಾರಣ. ದೊಡ್ಡ ಕಾರಣ ಮರಳು ಮತ್ತು ಕಲ್ಲು. ನೀರನ್ನು ಒಂದು ದಿನದಲ್ಲಿ ಬದಲಾಯಿಸಬಹುದು. ಆದರೆ ಹಳೆಯ ಟ್ಯಾಂಕಿನ ಕೊಳೆ ನೀರಿನಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು ಅದರ ಮರಳಿನ ತಳದಲ್ಲಿ, ಕಲ್ಲಿನ ರಂಧ್ರಗಳಲ್ಲಿ ಕೂತಿರುತ್ತದೆ. ಅದನ್ನು ಹಾಗೇ ಬಿಟ್ಟು ಎಷ್ಟು ನೀರು ಬದಲಾಯಿಸಿದರೂ ಪಾಚಿ ಮತ್ತೆ ಮತ್ತೆ ಬರುತ್ತದೆ.

ಮೊದಲು ಬದುಕಿದ್ದವರಿಗೆ ಬೇರೆ ಮನೆ. ಆಹಾರ ಇಡಲು ಯೋಗ್ಯವಾದಂಥ ಪ್ಲಾಸ್ಟಿಕ್ಕಿನ ದೊಡ್ಡ ಟಬ್ಬು, ಹೊಸ ಹೀಟರ್, ಒಂದು ಪುಟ್ಟ ಪಂಪು, ಸ್ಪಂಜಿನ ಫಿಲ್ಟರ್, ಮೀನು ಹಾರದಂತೆ ಮೇಲೆ ಬಲೆ. ತುಂಬಿದ್ದು ಟ್ಯಾಂಕಿನದೇ ಹಳೆಯ ನೀರು. ಮೀನು ಹಿಡಿಯುವುದಕ್ಕೆ ಹಗಲಿನಲ್ಲಿ ಬಲೆ ಹಿಡಿದು ಅಟ್ಟಾಡಿಸಬೇಡಿ. ರಾತ್ರಿ ದೀಪ ಆರಿ ಒಂದೆರಡು ಗಂಟೆಯಾದ ಮೇಲೆ ಟಾರ್ಚ್ ಹಾಕಿದರೆ ಕ್ಲೌನ್ ಮೀನು ತನ್ನ ಮೂಲೆಯಲ್ಲಿ ನಿದ್ದೆಗಣ್ಣಿನಲ್ಲಿರುತ್ತದೆ, ಡಬ್ಬಿಯಲ್ಲಿ ಎತ್ತಿಕೊಳ್ಳಬಹುದು. ಆಮೇಲೆ ದಿನಕ್ಕೆ 0.001ರಷ್ಟು ಮಾತ್ರ ಉಪ್ಪು ಇಳಿಸುತ್ತಾ ಬಂದೆ. ಮೀನು ಇದಕ್ಕಿಂತ ವೇಗವನ್ನೂ ತಡೆದೀತು, ಏಡಿಗಳಿಗೆ ಆಗುವುದಿಲ್ಲ. ಅಮೋನಿಯಾವನ್ನು ಬಂಧಿಸುವ ದ್ರಾವಣ ಪಕ್ಕದಲ್ಲೇ ಇತ್ತು.

ಮರಳು ತೆಗೆದ ದಿನ ನೆನಪಾದರೆ ಈಗಲೂ ಮೂಗು ಮುಚ್ಚಿಕೊಳ್ಳಬೇಕು. ಮೇಲ್ಪದರದ ಕೆಳಗೆ ಕಪ್ಪು ಪಟ್ಟೆ, ಕೈಸಲಿಕೆ ಹಾಕಿದೊಡನೆ ಕೊಳೆತ ಮೊಟ್ಟೆಯ ನಾತ. ಅದು ಹೈಡ್ರೋಜನ್ ಸಲ್ಫೈಡ್, ಆಮ್ಲಜನಕ ತಲುಪದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಮಾಡುವ ವಿಷಾನಿಲ. ಮೀನು ಒಳಗಿರುವಾಗ ಹಳೆಯ ದಪ್ಪ ಮರಳನ್ನು ಕೆದಕಲೇಬಾರದು. ಕಿಟಕಿಗಳನ್ನೆಲ್ಲ ತೆರೆದು, ನೀರು ಪೂರ್ತಿ ತೆಗೆದ ಮೇಲೆ ಮರಳು ಎತ್ತಿ ಎಸೆದೆ. ತೊಳೆದು ಮತ್ತೆ ಬಳಸಬಹುದು ಎನ್ನುವವರಿದ್ದಾರೆ. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಉಳಿತಾಯ ಮಾಡಬಾರದ ಜಾಗ ಇದು. ಇನ್ನೊಂದು, ನೀರೋ ಮರಳೋ ಒಳಗಿರುವಾಗ ಟ್ಯಾಂಕನ್ನು ಸರಿಸಲು ಹೋಗಬೇಡಿ. 200 ಲೀಟರ್ ಸಮುದ್ರದ ನೀರೆಂದರೆ 205 ಕಿಲೋ, ಸ್ವಲ್ಪ ಹೊರಳಿದರೂ ಸಿಲಿಕೋನ್ ಬಿಡುತ್ತದೆ.

ಇನ್ನು ಕಲ್ಲುಗಳು. ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಕಲ್ಲಿನಲ್ಲಿರುವುದನ್ನೆಲ್ಲ ಸಾಯಿಸಲು ಕುದಿಸಿಬಿಡೋಣ ಎಂಬ ಯೋಚನೆ ತುಂಬ ಜನಕ್ಕೆ ಬರುತ್ತದೆ. ಬೇಡ, ಖಂಡಿತ ಬೇಡ. ಪ್ಯಾಲಿಥೋವಾ, ಜೋಆಂಥಿಡ್ ಎಂಬ ಗುಂಡಿಯಾಕಾರದ ಪಾಲಿಪ್‌ಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಕುದಿಸಿದಾಗ ಹಬೆಯ ಜೊತೆ ಅದು ಗಾಳಿ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ದಾಖಲಾಗಿವೆ. ಕುದಿನೀರು ಸುರಿಯುವುದು, ಜೋರು ನೀರಿನ ಪಿಚಕಾರಿ ಹಿಡಿಯುವುದು, ಒಣಗಿದ ಮೇಲೆ ಬ್ರಷ್ಷಿನಿಂದ ಉಜ್ಜುವುದು, ಎಲ್ಲವೂ ಅದೇ ಅಪಾಯ. ನಮ್ಮ ಒಂದು ಕಲ್ಲಿನ ಮೇಲೆ ಕಂದು ಪಾಲಿಪ್‌ಗಳ ಒಂದು ಚಾಪೆಯೇ ಇತ್ತು. ಅದನ್ನು ನೀರಿನೊಳಗಿಂದ ಒದ್ದೆಯಾಗಿರುವಾಗಲೇ ಎತ್ತಿ ಎರಡು ಚೀಲಗಳಲ್ಲಿ ಕಟ್ಟಿ ಹೊರಗೆ ಹಾಕಿದೆ. ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬ್ರಿಸಲ್ ಹುಳುವಿನ ಮುಳ್ಳು ಚುಚ್ಚಿದರೆ ಅಂಟುಪಟ್ಟಿ ಒತ್ತಿ ಕೀಳಬೇಕು. ಕೈಯಲ್ಲಿ ಗಾಯವಿದ್ದು ಆಮೇಲೆ ವಾರಗಟ್ಟಲೆ ವಾಸಿಯಾಗದ ಗಂಟು ಕಂಡರೆ ವೈದ್ಯರಿಗೆ ಅಕ್ವೇರಿಯಂ ಕೆಲಸ ಮಾಡಿದ್ದನ್ನು ತಪ್ಪದೆ ಹೇಳಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹೀಗೆಯೇ ಬರುತ್ತದೆ, ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಐಪ್ಟೇಸಿಯಾ ತುಂಬಿದ್ದ ಕಲ್ಲುಗಳನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ಥಯೋಸಲ್ಫೇಟ್ ನೀರಿನಲ್ಲಿಟ್ಟು, ಬಿಸಿಲಿನಲ್ಲಿ ಒಣಗಿಸಿದೆ. ಐಪ್ಟೇಸಿಯಾವನ್ನು ಕತ್ತರಿಸಿ ಕೀಳಲು ಹೋಗಬೇಡಿ, ಬುಡದ ಚೂರು ಉಳಿದರೂ ಅದರಿಂದಲೇ ಇನ್ನೊಂದು ಹುಟ್ಟುತ್ತದೆ. ಉಳಿದ ಕಲ್ಲುಗಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಉಳಿಯಲಿ ಎಂದು ಮುಚ್ಚಳದ ಡ್ರಮ್ಮಿನಲ್ಲಿ, ಕತ್ತಲಲ್ಲಿ, ಉಪ್ಪುನೀರು, ಹೀಟರ್, ಪಂಪು ಹಾಕಿ ಇಟ್ಟೆ. ಬೆಳಕಿಲ್ಲದೆ ಪಾಚಿ ಸಾಯುತ್ತದೆ, ರಂಧ್ರಗಳಲ್ಲಿನ ಕೆಸರು ಉದುರುತ್ತದೆ, ಆಗಾಗ ನೀರು ಬದಲಾಯಿಸಬೇಕು. ಅಣ್ಣ ಬಿಟ್ಟುಹೋಗಿದ್ದ ಗಡ್ಡೆ ಕಟ್ಟಿದ ಉಪ್ಪಿನ ಚೀಲ ಇಲ್ಲಿ ಉಪಯೋಗಕ್ಕೆ ಬಂತು, ಮೀನಿನ ಟ್ಯಾಂಕಿಗೆ ಅದನ್ನು ಹಾಕುವ ಧೈರ್ಯ ಇರಲಿಲ್ಲ.

ನನ್ನ ತಾಳ್ಮೆ ನಿಜವಾಗಿ ಪರೀಕ್ಷೆಗೆ ಬಿದ್ದದ್ದು ಈ ಡ್ರಮ್ಮಿನ ಮುಂದೆ. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲಿಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಅದರ ಮಟ್ಟ ಇಳಿದರೆ ಕಲ್ಲು ತನ್ನಲ್ಲಿರುವುದನ್ನು ಬಿಡುತ್ತದೆ. ನೀರು ಬದಲಾಯಿಸಿದ ದಿನ ಮೀಟರಿನಲ್ಲಿ 0.1 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ) ಬರುತ್ತಿತ್ತು, ಕೆಲವು ದಿನದಲ್ಲೇ ಅದು ಮತ್ತೆ ಒಂದರತ್ತ ಏರುತ್ತಿತ್ತು. ಕಟ್ಟಿದಷ್ಟೂ ಬಾಕಿ ಉಳಿಯುವ ಬಡ್ಡಿ ಸಾಲದ ಹಾಗೆ. ಅಮ್ಮ ಡ್ರಮ್ಮಿನ ಮುಚ್ಚಳ ಎತ್ತಿ ನೋಡಿ, “ಮೀನಿಲ್ಲ, ಮಣ್ಣಿಲ್ಲ, ಬರೀ ಕಲ್ಲಿಗೆ ಯಾಕೋ ಹಗಲೂ ರಾತ್ರಿ ಬಿಸಿನೀರು?” ಎಂದು ಕೇಳಿದಾಗ ಉತ್ತರ ನನಗೂ ಗಂಟಲಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಲ್ಯಾಂಥನಮ್ ಕ್ಲೋರೈಡ್ ಹನಿಹನಿಯಾಗಿ ಹಾಕಿದೆ. ಅದು ಫಾಸ್ಫೇಟನ್ನು ಹಿಡಿದು ಬಿಳಿ ಪುಡಿಯಾಗಿ ಇಳಿಯುತ್ತದೆ, ನೀರು ಹಾಲಿನಂತೆ ಮಸುಕಾಗುತ್ತದೆ, ದಟ್ಟ ಬಟ್ಟೆಯ ಫಿಲ್ಟರ್‌ನಲ್ಲಿ ಸೋಸಬೇಕು. ಮೀನಿರುವಲ್ಲಿ ಇದರ ಗೊಡವೆ ಬೇಡ, ಡ್ರಮ್ಮಿನಲ್ಲಿ ಸರಿ. ನೀರು ಬದಲಾಯಿಸಿ ವಾರ ಬಿಟ್ಟರೂ ಅಂಕಿ 0.1ರ ಆಸುಪಾಸಿನಲ್ಲೇ ನಿಂತಾಗ ಕಲ್ಲು ಸಿದ್ಧ ಎಂದುಕೊಳ್ಳಿ. ವಾರಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಮೀಟರ್ ಹೇಳಿದ್ದೇ ಲೆಕ್ಕ.

ಈ ಕಾಯುವಿಕೆಯ ನಡುವೆ ಯಂತ್ರಗಳ ಕೆಲಸ ಮುಗಿಸಿದೆ. ಪಂಪು, ಸ್ಕಿಮ್ಮರ್, ಪೈಪುಗಳನ್ನು ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಗಟ್ಟಿಯಾದ ಸುಣ್ಣ ತಾನಾಗಿ ಬಿಡುತ್ತದೆ. ಸತ್ತೇಹೋಗಿದೆ ಎಂದುಕೊಂಡಿದ್ದ ಪಂಪು ಇಷ್ಟರಿಂದಲೇ ತಿರುಗಿತು. ಸ್ಕಿಮ್ಮರಿನ ಗಾಳಿ ನಳಿಕೆಯಲ್ಲಿ ಉಪ್ಪು ಕಟ್ಟಿಕೊಂಡಿದ್ದಷ್ಟೇ ಅದರ ಕಾಯಿಲೆ. ಆದರೆ ಎಚ್ಚರ, ಬ್ಲೀಚಿನ ಪಾತ್ರೆಗೂ ವಿನೆಗರಿನ ಪಾತ್ರೆಗೂ ಯಾವ ಕಾರಣಕ್ಕೂ ನಂಟು ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಳೆಯ ಹೀಟರನ್ನು ಮಾತ್ರ ಯೋಚಿಸದೆ ಎಸೆದೆ. ಹೀಟರ್ ಕೆಟ್ಟರೆ ಆರಿಹೋಗುವುದಕ್ಕಿಂತ, ಆರದೆ ಉರಿಯುತ್ತಾ ನಿಲ್ಲುವುದು ಹೆಚ್ಚು ಅನಾಹುತ. ಹೊಸದನ್ನು, ನೀರು ಹೆಚ್ಚು ಬಿಸಿಯಾದರೆ ಕರೆಂಟು ಕಡಿಯುವ ಪ್ರತ್ಯೇಕ ಕಂಟ್ರೋಲರ್ ಮೂಲಕವೇ ಜೋಡಿಸಿದೆ.

ಸಿಲಿಕೋನ್ ಬಗ್ಗೆ ಒಂದು ಮಾತು. ಎದ್ದ ಅಂಚಿನ ಮೇಲೆ ಹೊಸ ಸಿಲಿಕೋನ್ ಬಳಿದರೆ ನಿಲ್ಲುವುದಿಲ್ಲ, ಒಣಗಿದ ಹಳೆಯದಕ್ಕೆ ಹೊಸದು ಗಟ್ಟಿಯಾಗಿ ಅಂಟುವುದಿಲ್ಲ. ಒಳಗಿನ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಹೆರೆದು ಗಾಜು ಒರೆಸಿ ಮತ್ತೆ ಎಳೆಯಬೇಕು. ಎರಡು ಗಾಜುಗಳ ನಡುವಿನ ಜೋಡಣೆಯನ್ನು ಮುಟ್ಟಬಾರದು. ಬೂಷ್ಟು ತಡೆಯುವ ಔಷಧಿ ಸೇರಿಸಿದ ಬಚ್ಚಲುಮನೆಯ ಸಿಲಿಕೋನ್ ಬೇಡ.

ಇಷ್ಟೆಲ್ಲ ಮಾಡಿ ಸಾದಾ ನೀರು ತುಂಬಿಸಿ ಸೋರಿಕೆ ನೋಡಿದಾಗ ಮೂಲೆ ಗಟ್ಟಿಯಾಗಿತ್ತು, ಸೋರಿದ್ದು ಬಲ್ಕ್‌ಹೆಡ್ಡಿನಲ್ಲಿ, ಅಂದರೆ ತಳದ ಪೈಪು ಗಾಜಿನ ತೂತಿನಿಂದ ಹೊರಬರುವಲ್ಲಿ ನಟ್ಟು ಹಾಕಿ ಬಿಗಿಯುವ ಜೋಡಣೆಯಲ್ಲಿ. ಹನಿ ಹನಿ, ಆದರೆ ನಿಲ್ಲದ ಹನಿ. ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿತ್ತು. ಆ ಅಳತೆಯ ವಾಷರ್ ಎಲ್ಲೂ ಸಿಗದೆ, ಅಂಗೈಯಗಲದ ರಬ್ಬರಿಗೋಸ್ಕರ ಇಡೀ ಕೆಲಸ ನಿಂತಿತು. ಕೊನೆಗೆ ಬಲ್ಕ್‌ಹೆಡ್ಡನ್ನೇ ಬದಲಾಯಿಸಬೇಕಾಯಿತು. ವಾಷರ್ ಕೂರುವುದು ಅಗಲ ತಲೆಯಿರುವ ಬದಿಗೆ, ನಟ್ಟಿನ ಬದಿಗಲ್ಲ. ನಟ್ಟನ್ನು ಕೈಯಿಂದ ಬಿಗಿದು ಮೇಲೆ ಕಾಲು ಸುತ್ತು ಸಾಕು. ಸೋರಿಕೆ ಪರೀಕ್ಷೆಯನ್ನು ಉಪ್ಪು ಬೆರೆಸುವ ಮೊದಲೇ ಮಾಡಿ, ಕೆಲವು ದಿನ ನೀರು ಹಾಗೇ ನಿಲ್ಲಲಿ.

ನೀರಿಗೆ ಆರ್‌ಒ ಜೊತೆಗೆ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರಾಳ ಇರುವ ಘಟಕ ಬೇಕು, ಹೊರಬರುವ ನೀರಿನ ಟಿಡಿಎಸ್ (ಕರಗಿದ ಪದಾರ್ಥಗಳ ಅಳತೆ) ಸೊನ್ನೆ ಇರಬೇಕು. ಕಲ್ಲಿನಿಂದ ಅಷ್ಟು ಕಷ್ಟಪಟ್ಟು ಫಾಸ್ಫೇಟ್ ತೆಗೆದು ನಲ್ಲಿ ನೀರಿನ ಮೂಲಕ ಮತ್ತೆ ತುಂಬಿದರೆ ಏನು ಬಂತು? ಉಪ್ಪನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕುತ್ತಾ ಕಲಸಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳ ಹಿಡಿಯುತ್ತದೆ. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35ರ ಪ್ರಮಾಣ ದ್ರಾವಣದಲ್ಲಿ ಸರಿಪಡಿಸಿಕೊಳ್ಳಿ, ಶುದ್ಧ ನೀರಿನಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ ಮೇಲಿನ ಅಂಕಿ ಸರಿಯಿರಬೇಕೆಂದಿಲ್ಲ.

ಕಲ್ಲು, ಹೊಸ ಮರಳು, 25–26 ಡಿಗ್ರಿಯ ನೀರು, ಎಲ್ಲ ಸೇರಿದ ಮೇಲೂ ಮೀನಿಗೆ ಪ್ರವೇಶವಿಲ್ಲ. ಬ್ಯಾಕ್ಟೀರಿಯಾ ಸಾಕಷ್ಟಿದೆಯೇ ಎಂದು ತಿಳಿಯಲು ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂ ಮಾಡಿ, ಅದು 24 ಗಂಟೆಯಲ್ಲಿ ಸೊನ್ನೆಗೆ ಬರುತ್ತದೆಯೇ ನೋಡಬೇಕು. ಹೊಚ್ಚಹೊಸ ಒಣಕಲ್ಲಿನಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಡ್ರಮ್ಮಿನ ಕಲ್ಲುಗಳಲ್ಲಿ ಬ್ಯಾಕ್ಟೀರಿಯಾ ಉಳಿದಿದ್ದರಿಂದ ನಮ್ಮದು ಬೇಗ ಆಯಿತು. ಬಾಟಲಿ ಬ್ಯಾಕ್ಟೀರಿಯಾ ಹಾಕುವವರು ಹಾಕಲಿ, ಆದರೆ ಬಾಟಲಿಯ ಮೇಲಿನ ಮಾತಿಗಿಂತ ಟೆಸ್ಟ್ ಕಿಟ್ಟಿನ ಮಾತು ಕೇಳಿ. ಅಮೋನಿಯಾ ನೈಟ್ರೇಟ್ ಆಗುವ ನಡುವಿನ ಹಂತವಾದ ನೈಟ್ರೈಟ್ ಇರುವಾಗ ನೈಟ್ರೇಟ್ ಟೆಸ್ಟ್ ಸುಳ್ಳು ಹೇಳುತ್ತದೆ, ಇಲ್ಲದ ನೈಟ್ರೇಟನ್ನು ತೋರಿಸಿ ಹೆದರಿಸುತ್ತದೆ. ಕಲ್ಲಿನ ಕೆಲಸವೆಲ್ಲ ನೀರುಪಾಲಾಯಿತೇ ಎಂದು ಒಂದು ರಾತ್ರಿ ನಿದ್ದೆಗೆಟ್ಟಿದ್ದು ಇದೇ ಕಾರಣಕ್ಕೆ. ನೈಟ್ರೈಟ್ ಮುಗಿದ ಮೇಲೆ ಆ ಅಂಕಿಯೂ ಇಳಿಯಿತು.

ಆಮೇಲೆ ಹೊಸ ಮರಳಿನ ಮೇಲೆ ಕಂದು ಧೂಳು ಹಾಸಿದಂತೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬಂತು. ಅದು ಬರುತ್ತದೆ, ಹೋಗುತ್ತದೆ, ಔಷಧಿ ಹುಡುಕಬೇಡಿ.

ಮೀನು ಟಬ್ಬಿನಲ್ಲಿ ಇಷ್ಟು ದಿನದಲ್ಲಿ 1.026ಕ್ಕೆ ಒಗ್ಗಿಕೊಂಡಿತ್ತು. ಟ್ಯಾಂಕಿಗೆ ಬಿಟ್ಟಾಗ ಅಣ್ಣ ವಿಡಿಯೊ ಕರೆಯಲ್ಲಿದ್ದ. “ಲೇ, ಅದು ಹೆಣ್ಣು ಕಣೋ. ಜೊತೆಗಿದ್ದ ಗಂಡು ಸತ್ತು ಬಹಳ ದಿನವಾಯ್ತು” ಅಂದ. ಕ್ಲೌನ್ ಮೀನುಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಒಮ್ಮೆ ಹೆಣ್ಣಾದ ಮೇಲೆ ಹಿಂತಿರುಗುವುದಿಲ್ಲ. ಹಾಗಾಗಿ ಜೊತೆಗೊಂದು ಮೀನು ತರುವುದಾದರೆ ಅವಳಿಗಿಂತ ಚೆನ್ನಾಗಿ ಚಿಕ್ಕದಾದ ಮರಿಯನ್ನೇ ತರಬೇಕು. ಅದನ್ನು ಮೊದಲು ಕೆಲವು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಬೇಕು. ತಾಮ್ರದ ಔಷಧಿ ಬೇಕಾಗಿ ಬಂದರೆ ಅದಕ್ಕೂ ಆ ಟಬ್ಬೇ. ಈ ಸಲ ‘ಅನ್ಸತ್ತೆ’ ಬೇಡವೆಂದು ಟಬ್ಬಿನ ಮೇಲೆಯೇ ಬರೆದಿಟ್ಟಿದ್ದೇನೆ.

ಖರ್ಚು ಕೇಳುವವರಿಗೆ: ಹೆಚ್ಚು ದುಡ್ಡು ನುಂಗಿದ್ದು ಉಪ್ಪು ಮತ್ತು ಆರ್‌ಒ ಘಟಕ, ಆಮೇಲೆ ಟೆಸ್ಟ್ ಕಿಟ್‌ಗಳು. ಡ್ರಮ್ಮಿನ ನೀರನ್ನು ಬದಲಾಯಿಸಿದಷ್ಟೂ ಉಪ್ಪು ಬೇಕು, ಇದನ್ನು ಯಾರೂ ಮೊದಲೇ ಲೆಕ್ಕ ಹಾಕಿರುವುದಿಲ್ಲ. ಗಾಜು, ಸ್ಟ್ಯಾಂಡು, ಪಂಪು, ಸ್ಕಿಮ್ಮರ್ ಉಳಿದದ್ದು ಲಾಭ. ಕಲ್ಲನ್ನು ಉಳಿಸಿ ಲಾಭವಾಯಿತೇ ಎಂದರೆ, ಹೀಟರಿನ ಕರೆಂಟು, ಉಪ್ಪು, ಲ್ಯಾಂಥನಮ್ ಎಲ್ಲ ಕೂಡಿದರೆ ಹೊಸ ಒಣಕಲ್ಲು ಕೊಳ್ಳುವುದೇ ಅಗ್ಗವಾಗುತ್ತಿತ್ತೇನೋ. ತೀರಾ ಕೊಳೆತ ಟ್ಯಾಂಕಾದರೆ ನಾನೀಗ ಅದನ್ನೇ ಹೇಳುತ್ತೇನೆ.

ಮೊನ್ನೆ ಒಂದು ಕಲ್ಲಿನ ಸಂದಿಯಲ್ಲಿ ಒಂಟಿ ಐಪ್ಟೇಸಿಯಾ ತಲೆ ಎತ್ತಿದೆ. ಪೆಪ್ಪರ್‌ಮಿಂಟ್ ಸಿಗಡಿಗಳು ಇದನ್ನು ತಿನ್ನುತ್ತವೆ, ಆದರೆ ಎಲ್ಲವೂ ತಿನ್ನುತ್ತವೆಂಬ ಖಾತ್ರಿಯಿಲ್ಲ, ಹೋಲುವ ಬೇರೆ ಜಾತಿಯ ಸಿಗಡಿಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಒಂದೇ ಇರುವುದರಿಂದ ಸದ್ಯಕ್ಕೆ ಪಂಪು ನಿಲ್ಲಿಸಿ, ಸುಣ್ಣದ ಗಟ್ಟಿ ಲೇಪವನ್ನು ಸಿರಿಂಜಿನಲ್ಲಿ ಅದರ ಬಾಯಿಗೆ ಹಾಕಿದ್ದೇನೆ. ಫಾಸ್ಫೇಟ್ 0.08, ನೈಟ್ರೇಟ್ 10, ಕೆಎಚ್ 8. ಹಿಂದಿನ ಗಾಜಿನ ಮೇಲೆ ಸುಣ್ಣ ಕಟ್ಟಿಕೊಂಡು ಬೆಳೆಯುವ ನೇರಳೆ ಬಣ್ಣದ ಕೋರಲೈನ್ ಪಾಚಿಯ ಚುಕ್ಕೆಗಳು ಕಾಣಿಸಿವೆ, ಅದಕ್ಕೆ ತಕ್ಕಂತೆ ಕೆಎಚ್ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಯತೊಡಗಿದೆ. ಆ ಇಳಿಕೆ ಎಷ್ಟೆಂದು ಇನ್ನೊಂದಿಷ್ಟು ವಾರ ಬರೆದಿಟ್ಟುಕೊಂಡ ಮೇಲೆ ಮೊದಲ ಹವಳ. ಅದೂ ಗಟ್ಟಿ ಜೀವದ ಮೆದು ಹವಳವೇ.